ಗಾಜಿನ ಕಪಾಟಿನಲ್ಲಿ ಜೋಗಮ್ಮನ ಕುಂಚ

ಸಿದ್ದಾಪುರದ ಜೋಗಮ್ಮನಿಗೆ ಅತ್ತೆಯಿಂದ ಬಂದ ಆಸ್ತಿ ಎರಡೇ. ಒಂದು ಬಾಯಿ, ಇನ್ನೊಂದು ಕುಂಚ. ಬಾಯಿಯನ್ನು ಅತ್ತೆ ಹುಚ್ಚಕ್ಕ ಮದುವೆಯಾದ ಮೊದಲ ವಾರದಿಂದಲೇ ಧಾರಾಳವಾಗಿ ಕಲಿಸಿದಳು. ಕುಂಚವನ್ನು ಮಾತ್ರ ಆರು ವರ್ಷ ಮುಟ್ಟಗೊಡಲಿಲ್ಲ.

ಇದು ಗೋಡೆಗೆ ಸುಣ್ಣ ಬಳಿಯುವ ಕುಂಚವಲ್ಲ. ಮರದ ಹಿಡಿಗೆ ಹುಲ್ಲಿನ ಬೇರುಗಳನ್ನು ಒತ್ತೊತ್ತಾಗಿ ಕಟ್ಟಿದ್ದು; ಎತ್ತಿದರೆ ಎಳೆಮಗುವಿನಷ್ಟು ಭಾರ. ಕಂಬಳಿ ನೇಯುವ ಮೊದಲು ಉಣ್ಣೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಬಯಲಿನಲ್ಲಿ ಎರಡು ಗೂಟಗಳ ನಡುವೆ ಬಿಗಿದು, ಹುಣಸೆ ಬೀಜ ಅರೆದು ಕಾಯಿಸಿದ ಗಂಜಿಯನ್ನು ಈ ಕುಂಚದಿಂದ ತೀಡಬೇಕು. ತೀಡದ ಎಳೆ ಮಗ್ಗಕ್ಕೇರಿದ ಮೊದಲ ಗಂಟೆಗೇ ಹರಿಯುತ್ತದೆ. ನೇಯುವುದು ಗಂಡಸರ ಕೆಲಸ, ತೀಡುವುದು ಹೆಂಗಸರದು.

ರಾಂಪುರದ ಕಡೆಯ ಹಟ್ಟಿಯಿಂದ ಹದಿಮೂರನೇ ವಯಸ್ಸಿಗೆ ಈ ಮನೆಗೆ ಬಂದಾಗ ಜೋಗಮ್ಮನಿಗೆ ತೆಲುಗು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಬೈಗುಳಗಳಿಂದ ಶುರುಮಾಡಿ ಕನ್ನಡ ಕಲಿತಳು. ಗಂಡ ಸೂರಪ್ಪ ಮಗ್ಗದ ಗುಂಡಿಯಲ್ಲಿ ಸೊಂಟದವರೆಗೆ ಹೂತು ಕೂತವನಂತೆ ಇರುತ್ತಿದ್ದ. ಯಾರು ಏನು ಕೇಳಿದರೂ ಅಲ್ಲಿಂದ ಬರುತ್ತಿದ್ದದ್ದು ಒಂದೇ ಉತ್ತರ, "ಹೂಂ". ಜೋಗಮ್ಮ ನಾಲ್ಕು ಹೆತ್ತಳು, ಇಬ್ಬರು ಹೆಣ್ಣುಮಕ್ಕಳು ಉಳಿದರು. ಅವರನ್ನು ಹೆರುವ ಹಿಂದಿನ ದಿನವೂ ತೀಡಿದ್ದಳು, ಹೆತ್ತ ಹನ್ನೆರಡನೇ ದಿನವೂ ತೀಡಿದಳು. ಹುಚ್ಚಕ್ಕ ಸತ್ತಾಗ ಊರಿನವರು ಅತ್ತರು. ಜೋಗಮ್ಮ ಒಳಗೆ ಹೋಗಿ ಮೊದಲು ಕುಂಚವನ್ನು ಗೋಡೆಯಿಂದ ಇಳಿಸಿ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಅತ್ತಳು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಈ ಕುಂಚಕ್ಕೆ ಕಂಟಕ ಬಂತು. ತಂದವರು ಶಾಂತವೀರಪ್ಪ ಮೇಷ್ಟ್ರು. ಕೆಲವರಿಗೆ ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಹಿಡಿಯುತ್ತದೆ, ಅವರಿಗೆ ಪರಂಪರೆ ಹಿಡಿಯಿತು. ಅಶೋಕ ಊರ ಪಕ್ಕದ ಬಂಡೆಯ ಮೇಲೆ ಶಾಸನ ಬರೆಸಿ ಎರಡು ಸಾವಿರದ ಚಿಲ್ಲರೆ ವರ್ಷವಾದರೂ ಊರಿನವರು ಅದರ ಸುತ್ತ ಕುರಿ ಮೇಯಿಸಿಕೊಂಡು ಆರಾಮಾಗಿದ್ದರು. ಅದು ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ಮಹಿಳಾ ದಿನಕ್ಕೆ 'ನಮ್ಮ ಪರಂಪರೆ, ನಮ್ಮ ಹೆಣ್ಣುಮಕ್ಕಳು' ಎಂಬ ಬ್ಯಾನರು ಬರೆಸಿ, ಶಾಲೆಯಲ್ಲಿ ಹಳೇ ಸಾಮಾನಿನ ಪ್ರದರ್ಶನ ಇಡಲು ಮನೆಮನೆ ತಿರುಗಿದರು. ಎಂಟನೇ ತಾರೀಕು ಬೆಂಗಳೂರಿನ ಅತಿಥಿಗೆ ಬೇರೆಲ್ಲೋ ಭಾಷಣವಿತ್ತು. ಹಾಗಾಗಿ ಸಿದ್ದಾಪುರದ ಹೆಂಗಸರು ಒಂಬತ್ತನೇ ತಾರೀಕು ಭಾನುವಾರ ಸಾಧಕಿಯರಾಗಬೇಕೆಂದು ತೀರ್ಮಾನವಾಯಿತು.

ಗುರುವಾರ ಮೇಷ್ಟ್ರು ಜೋಗಮ್ಮನ ಮನೆಗೆ ಬಂದು, ಕುಂಚದ ಫೋಟೋ ಹೊಡೆಸಿ ವಾಪಸು ಕೊಡುತ್ತೇನೆಂದರು. ಹುಚ್ಚಕ್ಕ ಎಂಥ ದೊಡ್ಡ ಜೀವ ಎಂದು ಹೊಗಳಿದರು. ಅತ್ತೆಯನ್ನು ಹೊಗಳಿದವರನ್ನು ಜೋಗಮ್ಮ ಅದುವರೆಗೆ ಕಂಡಿರಲಿಲ್ಲ. ಆ ಬೆರಗಿನಲ್ಲಿ ಕೊಟ್ಟುಬಿಟ್ಟಳು.

ಶುಕ್ರವಾರ ವಾಪಸು ತರಲು ಹೋದರೆ, ಕುಂಚ ಗಾಜಿನ ಕಪಾಟಿನೊಳಗೆ ಮಲಗಿತ್ತು. ಶಾಮಿಯಾನ ಮತ್ತು ಮೈಕಿನ ಜೊತೆ ಚಳ್ಳಕೆರೆಯ ಅಫ್ಸರ್ ಬಾಡಿಗೆಗೆ ತಂದಿದ್ದ ಬೇಕರಿ ಕಪಾಟು ಅದು. ಇನ್ನೂ ಖಾರಾಬೂಂದಿ ವಾಸನೆ ಬರುತ್ತಿತ್ತು. ಮೇಲೆ ಬೀಗ, ಪಕ್ಕದಲ್ಲಿ ಚೀಟಿ. ಓದಲು ಬಾರದ ಜೋಗಮ್ಮ ಅಲ್ಲೇ ಇದ್ದ ಅನ್ನಪೂರ್ಣಮ್ಮ ಟೀಚರನ್ನು ಕೇಳಿದಳು. ಟೀಚರು ಓದಿದರು: ಸೂರಪ್ಪನವರ ಮನೆತನದ ಕುಂಚ, ಇನ್ನೂರು ವರ್ಷ ಹಳೆಯದು, ಈಗ ಬಳಕೆಯಲ್ಲಿಲ್ಲ.

"ಅವ್ನು ಒಂದಿನ ಮುಟ್ಟಿಲ್ಲ ಅದನ್ನ," ಎಂದಳು ಜೋಗಮ್ಮ. "ಬಳಕೇಲಿಲ್ಲ ಅಂದ್ರೆ ಹೋದ ವಾರ ನಾನು ತೀಡಿದ್ದು ಯಾತ್ರಲ್ಲಿ, ನನ್ನ ಜಡೇಲಾ?"

ಟೀಚರು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ಮೇಷ್ಟ್ರು ನಗಲಿಲ್ಲ. ಪ್ರದರ್ಶನ ಮುಗಿಯುವುದು ಮಂಗಳವಾರ, ಅಲ್ಲಿಯವರೆಗೆ ಬೀಗ ತೆಗೆಯುವಂತಿಲ್ಲ, ಭಾನುವಾರ ನಿನಗೂ ಸನ್ಮಾನ ಇದೆ ಎಂದು ಸಮಾಧಾನ ಹೇಳಿದರು.

ಆದರೆ ಬುಧವಾರ ದೇವಸಮುದ್ರದಲ್ಲಿ ಮಗಳ ಮಗಳ ಮದುವೆ. ಹೆಣ್ಣು ಗಂಡು ಕೂರುವ ಗದ್ದಿಗೆಯ ಕರಿ ಕಂಬಳಿ ಅಜ್ಜಿಮನೆಯಿಂದಲೇ ಹೋಗಬೇಕು. ನೇಯಲು ಸೂರಪ್ಪನಿಗೆ ಎರಡು ದಿನ ಬೇಕು. ಭಾನುವಾರ ತೀಡದಿದ್ದರೆ ಕಂಬಳಿ ಇಲ್ಲ. ಊರಲ್ಲಿ ಇನ್ನೊಂದು ಕುಂಚ ಚಿನ್ನಯ್ಯನ ಮನೆಯಲ್ಲಿತ್ತು. ಅವರು ಕಸುಬು ಬಿಟ್ಟ ಮೇಲೆ ಇಲಿ ತಿಂದಿತ್ತು.

ಇಷ್ಟನ್ನೂ ಕೇಳಿದ ಮೇಷ್ಟ್ರು ಹೇಳಬಾರದ ಮಾತು ಹೇಳಿದರು. "ಚಳ್ಳಕೆರೆ ಸಂತೇಲಿ ಒಂದು ಕೊಂಡುಕೊಂಡರಾಯ್ತು ಬಿಡವ್ವ."

ಜೋಗಮ್ಮ ಏನೂ ಅನ್ನದೆ ಮನೆಗೆ ಬಂದಳು. ಅವಳನ್ನು ಬಲ್ಲವರು ಅವಳ ಬೈಗುಳಕ್ಕೆ ಹೆದರುತ್ತಿರಲಿಲ್ಲ, ಸುಮ್ಮನಿದ್ದರೆ ಹೆದರುತ್ತಿದ್ದರು. ಶಾಲೆಗೇ ಹೋಗಿ ತೀಡುತ್ತೇನೆಂದು ಗಂಡನಿಗೆ ಹೇಳಿದಳು. ಗುಂಡಿಯಿಂದ "ಹೂಂ" ಬಂತು.

ಭಾನುವಾರ ಬೆಳಿಗ್ಗೆ ತಲೆಯ ಮೇಲೆ ಗಂಜಿಯ ಗಡಿಗೆ ಹೊತ್ತು, ಹಾಸನ್ನು ಗಂಡನ ಹೆಗಲಿಗೇರಿಸಿ ಶಾಲೆಗೆ ಬಂದಳು. ಗುಂಡುಕಲ್ಲಿನ ಆ ಊರಿನಲ್ಲಿ ಮೂವತ್ತಡಿ ಸಮತಟ್ಟು ನೆಲ ಬೇಕೆಂದರೆ ಶಾಲೆಯ ಬಯಲೇ ಗತಿ ಎಂಬುದು ನಿಜ. ಹಾಸು ಗೇಟಿಗೂ ವೇದಿಕೆಗೂ ನಡುವೆ ಸರಿಯಾಗಿ ಅಡ್ಡ ಬೀಳಬೇಕೆಂದೇನೂ ಇರಲಿಲ್ಲ. ಎರಡು ಗೂಟ ಹೊಡೆದುಕೊಡಲು ಅಫ್ಸರನಿಗೆ ಹೇಳಿದಳು. ಮೇಷ್ಟ್ರು ಹೇಳಿದ್ದಾರಾ ಅಂತ ಅವನು ಕೇಳಿದ.

"ಹೇಳ್ತಾರೆ, ನೀ ಹೊಡಿಯಪ್ಪ," ಎಂದಳು.

ಹತ್ತೂವರೆಗೆ ಅತಿಥಿಯ ಕಾರು ಬಂತು. ಡಾಕ್ಟರೇಟು ಪಡೆದ ಹೆಂಗಸು, ರೇಷ್ಮೆ ಸೀರೆ. ಕಳಸ ಹೊತ್ತ ಹನ್ನೊಂದು ಹೆಂಗಸರು ಅವರನ್ನು ಕರೆದುಕೊಂಡು ನಾಲ್ಕು ಹೆಜ್ಜೆ ನಡೆದು, ಹಾಸಿನ ಮುಂದೆ ನಿಂತುಬಿಟ್ಟರು. ನಡ ಎತ್ತರಕ್ಕೆ ಬಿಗಿದಿದ್ದರೆ ಬಗ್ಗಿ ಹೋಗಬಹುದಿತ್ತೇನೋ. ಜೋಗಮ್ಮ ಮೊಣಕಾಲಿಗಿಂತ ಕೆಳಗೆ ಬಿಗಿಸಿದ್ದಳು. ಚಾಚಿದ ಹಾಸನ್ನು ಯಾರೂ ದಾಟುವಂತಿಲ್ಲ. ಅದು ಯಾವ ಬಂಡೆಯ ಮೇಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಒಂದು ಕಡೆ ಶಾಲೆಯ ಗೋಡೆ, ಇನ್ನೊಂದು ಕಡೆ ಬಳ್ಳಾರಿ ಜಾಲಿಯ ಮುಳ್ಳು.

ಮೇಷ್ಟ್ರು ಓಡಿಬಂದರು. ದಾಟಿ ಬನ್ನಿ, ಏನಾಗಲ್ಲ ಎಂದರು. ಕಳಸದವರು ಕದಲಲಿಲ್ಲ. ತೋರಿಸಿಕೊಡಲೆಂದು ಮೇಷ್ಟ್ರು ತಾವೇ ಒಂದು ಕಾಲು ಎತ್ತಿದರು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಏಳು ವರ್ಷದವರಿದ್ದಾಗ ಹೀಗೇ ದಾಟಿ ಹುಚ್ಚಕ್ಕನ ಕೈಯಲ್ಲಿ ಪೊರಕೆಯ ಏಟು ತಿಂದಿದ್ದರು. ಸುತ್ತ ನಿಂತಿದ್ದ ಮುದುಕರಿಗೆಲ್ಲ ಆ ಕಥೆ ಗೊತ್ತಿತ್ತು. ಕಾಲು ಬಂದ ಜಾಗಕ್ಕೇ ಇಳಿಯಿತು.

"ಕುಂಚ ಕೊಟ್ರೆ ತೀಡಿ, ಒಣಗಿಸ್ಕಂಡು ಹೋಗ್ತೀನಿ ಮೇಷ್ಟ್ರೇ," ಎಂದಳು ಜೋಗಮ್ಮ, ಗಂಜಿ ಕಲಕುತ್ತಾ. "ಕೊಡ್ದಿದ್ರೆ ನನಗೂ ಮನೇಲಿ ಅಂಥಾ ಕೆಲಸ ಏನಿಲ್ಲ."

ಮೇಷ್ಟ್ರು ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದರು.

ಅತಿಥಿ ಜಾಲಿಯ ಕಡೆಯಿಂದ ಸುತ್ತಿ ಬಂದರು. ಸೀರೆಗೆ ಎರಡು ಕಡೆ ಮುಳ್ಳು ಸಿಕ್ಕಿಕೊಂಡಿತು. ಹುಣಸೆ ಗಂಜಿಯ ಕಮಟಿಗೆ ಮೂಗು ಮುಚ್ಚಿಕೊಂಡು, ಇದು ಪ್ರಾತ್ಯಕ್ಷಿಕೆಯೇ ಎಂದು ಕೇಳಿದರು. ಮುಳುಗುತ್ತಿದ್ದ ಮೇಷ್ಟ್ರು ಆ ಪದವನ್ನು ಗಟ್ಟಿಯಾಗಿ ಹಿಡಿದುಕೊಂಡು, ಹೌದು ಮೇಡಂ, ವಿಶೇಷವಾಗಿ ಏರ್ಪಡಿಸಿದ್ದು ಎಂದರು.

ಅಳಿದುಹೋದ ಕುಲಕಸುಬುಗಳ ಬಗ್ಗೆ ಅತಿಥಿ ಮುಕ್ಕಾಲು ಗಂಟೆ ಮಾತಾಡಿದರು. ವೇದಿಕೆಯ ಕೆಳಗೆ ಜೋಗಮ್ಮ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಾ ತೀಡಿದಳು. ಒದ್ದೆ ಎಳೆಗಳು ಬಿಸಿಲಿಗೆ ಮಳೆ ಬಿದ್ದ ನೇಗಿಲ ಸಾಲಿನಂತೆ ಕಪ್ಪಗೆ ಹೊಳೆದವು. ಮೈಕಿನಲ್ಲಿ ಅವಳ ಹೆಸರು ಕರೆದಾಗ ತಲೆ ಎತ್ತಲಿಲ್ಲ. ಗಂಜಿ ಆರಿಬಿಡುತ್ತದೆ, ಅವ್ನು ಸುಮ್ನೆ ನಿಂತವ್ನೆ, ಶಾಲು ಅವ್ನಿಗೇ ಹೊದ್ಸಿ ಎಂದು ಗಂಡನ ಕಡೆ ಕೈ ತೋರಿಸಿದಳು. ಹಾಗಾಗಿ ಆ ವರ್ಷದ ಮಹಿಳಾ ಸಾಧಕಿಯರ ಫೋಟೋದಲ್ಲಿ ನಾಲ್ಕು ಜನ ಹೆಂಗಸರು, ಅವರ ನಡುವೆ ಮಿಲ್ಲಿನ ಶಾಲು ಹೊದ್ದ ಸೂರಪ್ಪ ಇದ್ದಾನೆ.

ಮಧ್ಯಾಹ್ನ ಚಿತ್ರಾನ್ನದ ಹೊತ್ತಿಗೆ ಹಾಸು ಒಣಗಿತು. ಜೋಗಮ್ಮ ಅದನ್ನು ಸುತ್ತಿ, ಕುಂಚವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದಳು. ಯಾರೂ ತಡೆಯಲಿಲ್ಲ.

ಮಂಗಳವಾರ ಸಂಜೆಗೆ ಕಂಬಳಿ ಮಗ್ಗದಿಂದ ಇಳಿಯಿತು. ಬುಧವಾರ ದೇವಸಮುದ್ರದಲ್ಲಿ ಅದನ್ನು ಮಡಚಿ ಹಾಸಿ, ಹೆಣ್ಣು ಗಂಡನ್ನು ಕೂರಿಸಿದರು. ವಾಸನೆ ಪೂರ್ತಿ ಹೋಗಿರಲಿಲ್ಲ. ಮದುಮಗ ಎರಡು ಸಲ ಸೀನಿದ. ಮೊಮ್ಮಗಳು ಮಾತ್ರ ಬಾಸಿಂಗದ ಕೆಳಗೆ ತಲೆ ತಗ್ಗಿಸಿ, ಕಂಬಳಿಯ ಮೇಲೆ ಅಂಗೈ ಊರಿಕೊಂಡು ಕೂತಿದ್ದಳು. ಎಲ್ಲರೂ ಅಕ್ಷತೆಗೆ ಕೈ ಎತ್ತಿದಾಗ ಜೋಗಮ್ಮ ಬಗ್ಗಿ ಅಂಚನ್ನು ಒಮ್ಮೆ ಎಳೆದು ನೋಡಿದಳು. ಒಂದು ಎಳೆಯೂ ಸರಿದಿರಲಿಲ್ಲ. ಆಮೇಲೆ ಅಕ್ಷತೆ ಹಾಕಿದಳು.