ಕೆಂಪು ಲಾಡಿಯ ಕಟ್ಟು

ತಿಪಟೂರಿನ ಹೈಸ್ಕೂಲಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಡ್ರಿಲ್ ಮೇಷ್ಟ್ರು ಚಂದ್ರಮೌಳಿ ಈಗ ನಗೋಯಾದ ಫ್ಲ್ಯಾಟಿನಲ್ಲಿ ಕಸದ ಚೀಲಗಳನ್ನು ಸಾಲಾಗಿ ನಿಲ್ಲಿಸುತ್ತಾನೆ. ಹೆಂಡತಿ ಜಲಜಾಗೆ ಇಲ್ಲಿ ಪಿಎಚ್‌ಡಿ ಸೀಟು ಸಿಕ್ಕಾಗ ಕೆಲಸ ಬಿಟ್ಟು ಅವಳ ಜೊತೆ ಬಂದವನು. ಅಡುಗೆ, ಬಟ್ಟೆ, ಕಸ ಮೂರೂ ಅವನದೇ ಖಾತೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಜಪಾನಿನಲ್ಲಿ ಕಸ ಹಾಕಿ ನೋಡಿರಲಿಲ್ಲ. ಒಂದೊಂದು ಕಸಕ್ಕೆ ಒಂದೊಂದು ದಿನ. ಹಳೇ ಪೇಪರನ್ನಂತೂ ಕಾಗದದ ದಾರದಲ್ಲೇ ಕಟ್ಟಬೇಕು. ತಪ್ಪಿದರೆ ಲಾರಿಯವರು ಹಳದಿ ಚೀಟಿ ಅಂಟಿಸಿ ಅಲ್ಲೇ ಬಿಟ್ಟುಹೋಗುತ್ತಾರೆ. ಮೊದಲ ವರ್ಷ ಚಂದ್ರಮೌಳಿಗೆ ಎರಡು ಸಲ ಚೀಟಿ ಬಿದ್ದಿತ್ತು. ಕೆಳಮನೆಯ ಹಯಾಶಿ ಸಾನ್ ನಯವಾಗಿ ನಗುತ್ತ ಅದನ್ನು ತೋರಿಸಿದಾಗ ಮೇಷ್ಟ್ರ ಮಾನ ಹರಾಜಾಗಿತ್ತು.

ಜಲಜಾಳ ಸಂಶೋಧನೆ ಫಿನ್ಲೆಂಡಿನ ‘ಕೋಸ್ಕಿರಂತಾ’ ಎಂಬ ಪ್ರಾದೇಶಿಕ ದಿನಪತ್ರಿಕೆಯ ಚರಿತ್ರೆ. ಎಂ.ಎ.ಗೆ ಅಲ್ಲಿದ್ದಾಗ ಭಾಷೆ ಕಲಿತಿದ್ದಳು. ವಾರಕ್ಕೆ ಮೂರು ಸಲ ಬರುತ್ತಿದ್ದದ್ದು ದಿನಪತ್ರಿಕೆಯಾಯಿತು, ಯುದ್ಧಕಾಲದಲ್ಲಿ ಸೊರಗಿತು, ಕೊನೆಗೆ ದೊಡ್ಡ ಊರಿನ ಪತ್ರಿಕೆಯೊಂದು ಅದನ್ನು ನುಂಗಿಹಾಕಿತು. ಸಂಚಿಕೆಗಳು ಅಲ್ಲಿನ ಗ್ರಂಥಾಲಯದಲ್ಲೂ ಇವೆ. ಆದರೆ ಯುದ್ಧಕಾಲದ ಸಂಪಾದಕ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಟಿಪ್ಪಣಿಗಳಿದ್ದದ್ದು ಅವನ ಮೊಮ್ಮಗಳು ಜಲಜಾಳನ್ನು ನಂಬಿ ಕೊಟ್ಟ ಪ್ರತಿಗಳಲ್ಲಿ ಮಾತ್ರ. ಪ್ರಬಂಧ ನಿಂತಿದ್ದೇ ಅವುಗಳ ಮೇಲೆ.

ಒಂದು ಬೆಳಿಗ್ಗೆ ಸ್ಕ್ಯಾನ್ ಮಾಡಿಸಲು ಒಯ್ಯಬೇಕೆಂದು ಅವನ್ನು ಪೆಟ್ಟಿಗೆಯಿಂದ ತೆಗೆದು ಬಾಗಿಲ ಬಳಿ ಇಟ್ಟು ಜಲಜಾ ಸ್ನಾನಕ್ಕೆ ಹೋದಳು. ಅದು ಹಳೇ ಪೇಪರಿನ ದಿನ. ಚಂದ್ರಮೌಳಿ ಕಂಡದ್ದು ಮಾಸಿದ ಕಾಗದ, ತಲೆಬುಡ ತಿಳಿಯದ ಭಾಷೆ. ಕಾಗದದ ದಾರ ಮುಗಿದಿತ್ತು. ಲಾರಿ ಬರುವ ಹೊತ್ತಾಗಿತ್ತು. ಅತ್ತೆ ಕಳಿಸಿದ್ದ ಲಂಗದ ಕೆಂಪು ಲಾಡಿಯ ಉಂಡೆ ಕೈಗೆ ಸಿಕ್ಕಿತು. ಒಂದು ಸಲಕ್ಕೆ ಯಾರು ನೋಡುತ್ತಾರೆಂದು ಬಿಗಿಯಾಗಿ ಕಟ್ಟಿ ಕೆಳಗಿಟ್ಟು ಬಂದ.

"ರೀ, ಇಲ್ಲಿಟ್ಟಿದ್ದ ಪೇಪರ್ಸ್ ಎಲ್ಲಿ?"

"ಇವತ್ತು ಪೇಪರ್ ಡೇ ಅಲ್ವಾ, ಹಾಕ್ಬಿಟ್ಟೆ."

ಜಲಜಾ ಒದ್ದೆ ತಲೆಯಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. "ಅದು ನನ್ ಥೀಸಿಸ್ ಕಣ್ರೀ," ಎಂದಳು.

ಚಂದ್ರಮೌಳಿ ಮನೆಯೊಳಗಿನ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಓಡಿದ. ಲಾರಿ ಆಗಲೇ ತಿರುವಿನಲ್ಲಿ ಮರೆಯಾಗುತ್ತಿತ್ತು. ಅವಳ ಮೂರು ವರ್ಷದ ದುಡಿಮೆಯನ್ನು ತಾನೇ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಮಾಡಿದೆನಲ್ಲ ಎಂದು ಹಣೆ ಚಚ್ಚಿಕೊಂಡ. ಮೇಲೆ ಹೋಗಿ ಅವಳಿಗೆ ಮುಖ ತೋರಿಸುವುದಾದರೂ ಹೇಗೆ?

"ಸುಮಿಮಾಸೆನ್," ಎಂದು ಕ್ಷಮೆ ಕೇಳಿತು ಹಿಂದಿನಿಂದ ಒಂದು ದನಿ. ಹಯಾಶಿ ಸಾನ್ ಪೊರಕೆ ಹಿಡಿದು ನಿಂತಿದ್ದರು. ಬಹಳ ಸಂಕೋಚದಿಂದ ಮೂಲೆಯತ್ತ ಕೈ ತೋರಿಸಿದರು. ಎಲ್ಲರ ಕಟ್ಟುಗಳೂ ಹೋಗಿದ್ದವು. ಕೆಂಪು ಲಾಡಿಯದೊಂದು ಮಾತ್ರ ಹಳದಿ ಚೀಟಿ ಅಂಟಿಸಿಕೊಂಡು ಕುಳಿತಿತ್ತು.

ತಲೆಗೆ ಬಂದದ್ದು ಪೇಟಕ್ಕೆ ಹೋಗಿತ್ತು. "ಅರಿಗಾತೋ, ಅರಿಗಾತೋ" ಎಂದು ಅವನು ಬಾಗಿ ಬಾಗಿ ನಮಸ್ಕರಿಸುತ್ತಿದ್ದರೆ, ಬೈಗುಳದ ಚೀಟಿಗೆ ಇಷ್ಟು ಸಂತೋಷವೇಕೆಂದು ತಿಳಿಯದೆ ಹಯಾಶಿ ಸಾನ್ ಎರಡು ಹೆಜ್ಜೆ ಹಿಂದೆ ಸರಿದರು.

ಹಿಂದೆಯೇ ಇಳಿದು ಬಂದ ಜಲಜಾ ಮೆಟ್ಟಿಲ ಮೇಲೆ ಕುಳಿತು ಗಂಟು ಬಿಚ್ಚಿದಳು. ಅಳು, ನಗು ಎರಡೂ ಒಟ್ಟಿಗೆ ಬರುತ್ತಿದ್ದವು. ಒಂದೇ ಸೂರಿನಡಿ ಇದ್ದೂ ಒಂದು ದಿನವೂ ಆ ಕಾಗದಗಳನ್ನು ತೆರೆದು ನೋಡಿರದ ಚಂದ್ರಮೌಳಿ ನಾಚಿಕೊಂಡು ಪಕ್ಕದಲ್ಲಿ ಕುಳಿತ.

"ಇಲ್ಲೇನೋ ಪೆನ್ಸಿಲಲ್ಲಿ ಬರ್ದಿದೆಯಲ್ಲ, ಓದು ನೋಡೋಣ."

"‘ಕಾಗದ ಸಾಲದು. ಅಚ್ಚಿನವರು ಯುದ್ಧಕ್ಕೆ ಹೋಗಿದ್ದಾರೆ. ನಾಳೆ ಹೇಗೋ ಗೊತ್ತಿಲ್ಲ.’"

ಅವನು ಗಾಬರಿಯಾದ. "ಹಂಗಾದ್ರೆ ಮಾರನೇ ದಿನ ಬರ್ಲೇ ಇಲ್ವಾ?"

ಜಲಜಾ ಕಣ್ಣೊರೆಸಿಕೊಂಡು ಮುಂದಿನ ಸಂಚಿಕೆ ಎತ್ತಿದಳು. ಎರಡೇ ಪುಟದ ತೆಳ್ಳನೆಯ ಹಾಳೆ. ಅದನ್ನು ಅವನ ಅಂಗೈ ಮೇಲಿಟ್ಟಳು.

"ಬಂತು ರೀ. ನೋಡಿ."