ಬಾಸ್ಕ್ ಓಣಿಯಲ್ಲಿ ಅವ್ವನ ಬಾಯಾರಿಕೆ

"ಯಾರ್‍ಯಾರೋ ಕಚ್ಚಿ ಕುಡ್ದಿರೋ ಲೋಟ ನಂಗ್ ಬ್ಯಾಡ ಕಣವ್ವ," ಎಂದು ಅವ್ವ, ನಾನು ಅಂಗಡಿಯಿಂದ ತಂದು ಚಾಚಿದ ನೀರಿನ ಲೋಟ ಕಂಡು ಮುಖ ತಿರುಗಿಸಿದಳು.

ಸ್ಪೇನಿನ ಬಾಸ್ಕ್ ನಾಡಿನ ಹಳೇಪೇಟೆಯಲ್ಲಿ ಊರಹಬ್ಬ. ಓಣಿಯುದ್ದಕ್ಕೂ ಜನ ನಿಂತೇ ಬ್ರೆಡ್ಡು, ಮೀನು ತಿನ್ನುತ್ತಿದ್ದರು. ನಾವು ತಂದಿದ್ದ ನೀರು ಮುಗಿದಿತ್ತು. ಬಿಸಿಲಿಗೆ ಅವ್ವ ಎಲ್ಲಿ ತಲೆಸುತ್ತಿ ಬೀಳುತ್ತಾಳೋ ಎಂದು ನನಗೆ ದಿಗಿಲು.

ಆಗ ಡೋಲು ಬಡಿಯುತ್ತಿದ್ದ ಮುದುಕನೊಬ್ಬ ಮಣ್ಣಿನ ಗಿಂಡಿ ಎತ್ತಿ, ತುಟಿಗೆ ತಾಗಿಸದೆ ಬಾಯಿಗೆ ನೀರು ಸುರಿದುಕೊಂಡು ಪಕ್ಕದವನಿಗೆ ಕೊಟ್ಟ. ಅವನೂ ಹಾಗೆಯೇ ಕುಡಿದ. ಅವ್ವ ನೇರ ಹೋಗಿ ಕೈಚಾಚಿದಳು. ಗಿಂಡಿಯನ್ನು ಅವರಿಗಿಂತ ಎತ್ತರಕ್ಕೆ ಹಿಡಿದು, ಸೆರಗಿಗೆ ಹನಿ ಬೀಳದಂತೆ ಗಟಗಟ ಕುಡಿದಳು. ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಇವ್ರೂ ನಮ್ಮಂಗೇಯ ಕಣೆ! ತತ್ತಾ ಆ ಬ್ರೆಡ್ಡ," ಎಂದಳು.

ಆ ಊರಿನ ಹೆಸರು ಅವ್ವನ ನಾಲಿಗೆಗೆ ಹತ್ತಲೇ ಇಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ನಮ್ಮೂರು ಗಾವಡಗೆರೆಯಲ್ಲಿ ಯಾರಾದರೂ ಕೇಳಿದರೆ, ಇವತ್ತಿಗೂ "ಎತ್ತಿ ಕುಡಿಯೋರ ಊರ್ಗೆ" ಎನ್ನುತ್ತಾಳೆ.