ಕೈಗವಸಿನ ಕೋಟಾ

ಜಪಾನಿನ ಶಿರೊತೊರಿಯಲ್ಲಿ ಕೈಗವಸು ಹೊಲಿಯದ ಮನೆಯೇ ಇರಲಿಲ್ಲ. ಸುಮಿಯೆಯದು ತಂದೆಯ ಕಾಲದ ಸಣ್ಣ ಕಾರ್ಖಾನೆ. ಕೇರಿಯ ಹೆಂಗಸರೇ ಅಲ್ಲಿ ಹೊಲಿಯುವವರು. ಕುನಿಯೊ ಆಕೆಯ ತಂದೆಯ ಕೈಕೆಳಗೇ ಚರ್ಮ ಕತ್ತರಿಸಲು ಕಲಿತವನು. ಈಗ ಊರಿನ ಕೈಗವಸು ಸಂಘಕ್ಕೆ ಅಧ್ಯಕ್ಷನಾದರೂ ಸುಮಿಯೆಯನ್ನು ಅಕ್ಕಾ ಎಂದೇ ಕರೆಯುತ್ತಿದ್ದ.

ಆಗ ಬಡವಾಗಿದ್ದ ಕೊರಿಯಾದಂಥ ದೇಶಗಳ ಸರಕನ್ನು ಸುಂಕವಿಲ್ಲದೆ ಒಳಗೆ ಬಿಡಲು ಸರ್ಕಾರ ತೀರ್ಮಾನಿಸಿದಾಗ ಊರು ಕಂಗಾಲಾಯಿತು. ಸಮಾಧಾನವೆಂದರೆ ಅದಕ್ಕೊಂದು ಕೋಟಾ ಇತ್ತು. ವರ್ಷಕ್ಕೆ ಇಷ್ಟು ಸರಕಿಗೆ ಮಾತ್ರ ರಿಯಾಯಿತಿ, ಆಮೇಲೆ ಬಂದದ್ದಕ್ಕೆ ಪೂರ್ತಿ ಸುಂಕ. ಎಷ್ಟೆಂಬುದನ್ನು ಪ್ರತಿ ವಸಂತದಲ್ಲಿ ಟೋಕಿಯೋದ ಅಧಿಕಾರಿಗಳು ಗೊತ್ತುಮಾಡುತ್ತಿದ್ದರು.

“ನೀವು ನಿಶ್ಚಿಂತೆಯಿಂದ ಹೊಲೀತಾ ಇರಿ ಅಕ್ಕಾ. ಕೋಟಾ ಏರದ ಹಾಗೆ ನೋಡ್ಕೊಳ್ಳೋದು ನನಗೆ ಬಿಡಿ,” ಎಂದಿದ್ದ ಕುನಿಯೊ.

ಆ ವರ್ಷವೇ ಅವನು ಕೊರಿಯಾದಿಂದ ಕೆಲವು ಹುಡುಗಿಯರನ್ನು ಕರೆತಂದ. ತನ್ನ ಕಾರ್ಖಾನೆಯಲ್ಲಿ ಆಳು ಸಾಲದು, ಸ್ವಲ್ಪ ತರಬೇತಿ ಕೊಡಿ ಎಂದ. ಸುಮಿಯೆ ಅವರನ್ನು ಮನೆಯಲ್ಲೇ ಇಟ್ಟುಕೊಂಡು, ಹೆಬ್ಬೆರಳು ಸುಕ್ಕಾಗದಂತೆ ಹೊಲಿಯುವುದನ್ನು ಕಲಿಸಿದಳು. ಹಬ್ಬಕ್ಕೆಂದು ಊರಿಗೆ ಹೋದ ಹುಡುಗಿಯರು ಮರಳಲಿಲ್ಲ. ಮರು ವಸಂತಕ್ಕೆ ಕೋಟಾ ದುಪ್ಪಟ್ಟಾಯಿತು.

“ಎಷ್ಟು ಬೇಡಿಕೊಂಡ್ರೂ ಕೇಳಲಿಲ್ಲ ಅಕ್ಕಾ,” ಎಂದು ತಲೆ ತಗ್ಗಿಸಿದವನನ್ನು ಸುಮಿಯೆಯೇ ಸಂತೈಸಿದಳು.

ಮುಂದಿನ ಸಲ ತಾನೂ ಬರುತ್ತೇನೆಂದು ಹಟ ಹಿಡಿದು ಅವನೊಂದಿಗೆ ಟೋಕಿಯೋಗೆ ಹೋದಳು. ಅಲ್ಲಿ ಎಳೆಯ ಅಧಿಕಾರಿಯೊಬ್ಬ ಚಹಾ ಕೊಟ್ಟು, “ಅಧ್ಯಕ್ಷರೇ, ಹೋದ ಸಲ ನೀವು ಕೇಳಿದಷ್ಟೂ ಏರಿಸಿದ್ವಲ್ಲ! ಮಸಾನ್‌ನ ನಿಮ್ಮ ಕಾರ್ಖಾನೆಗೆ ಅದೂ ಸಾಲಲಿಲ್ವಾ?” ಎಂದು ನಕ್ಕ.

ಕುನಿಯೊ ಕನ್ನಡಕ ತೆಗೆದು ಒರೆಸತೊಡಗಿದ. ಮಸಾನ್ ಆ ಕೊರಿಯಾ ಹುಡುಗಿಯರ ಊರು.

ತಮ್ಮ ದ್ವೀಪಕ್ಕೆ ವಾಪಸು ಬರುವಾಗ ಹಡಗಿನ ಮೇಲೆ ಅವನು ಎರಡು ಬಟ್ಟಲು ಬಿಸಿ ಉದೊನ್ ಶಾವಿಗೆ ತಂದ. ಸುಮಿಯೆ ಮುಟ್ಟಲಿಲ್ಲ.

“ನಾನು ಮಾಡದಿದ್ರೆ ಒಸಾಕಾದ ವ್ಯಾಪಾರಸ್ಥರು ಮಾಡ್ತಿದ್ರು ಅಕ್ಕಾ.”

“ಒಸಾಕಾದೋರು ನನ್ನಪ್ಪನ ಅನ್ನ ತಿಂದಿದ್ರೇನೋ?”

“ಅದಕ್ಕೇ ಕೇಳ್ತಿದೀನಿ, ನೀವೇ ಮಸಾನ್‌ಗೆ ಬನ್ನಿ. ಮೇಲ್ವಿಚಾರಣೆ ನೋಡ್ಕೊಳ್ಳಿ. ಆ ಹುಡುಗೀರು ಇನ್ನೂ ನಿಮ್ಮ ಹೆಸರು ಹೇಳ್ತಾರೆ.”

“ಅವರ ಮೇಲೆ ನಂಗೆ ಸಿಟ್ಟಿಲ್ಲ. ಅವರ ಹೊಟ್ಟೆಪಾಡು ಅದು. ನೀನು ನನ್ನ ಕೈಯಿಂದಲೇ ನನ್ನ ಕುತ್ತಿಗೆ ಕೊಯ್ಸಿದೆಯಲ್ಲೋ!”

ಸಂಘದ ಸಭೆಯಲ್ಲಿ ಆಕೆ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಈಗ ಗದ್ದಲವೇಳುತ್ತದೆ ಎಂದು ಕಾದಳು. ಜನ ತಮ್ಮ ಮುಂದಿದ್ದ ಕಾಗದ ತಿರುವುತ್ತ ಕೂತರು. ಕೊನೆಗೆ ಪಕ್ಕದ ಮನೆಯ ಒಚಿ ಮುದುಕ ಅವಳ ತೋಳು ಹಿಡಿದು ಕೂರಿಸಿ, “ಸುಮಿಯೆ, ನಮಗೆಲ್ಲ ಗೊತ್ತಿತ್ತಮ್ಮ. ಆ ಕಾರ್ಖಾನೆಯಲ್ಲಿ ನಮ್ಮದೂ ಪಾಲಿದೆ,” ಎಂದು ಪಿಸುಗುಟ್ಟಿದ. ಕುನಿಯೊನನ್ನೇ ಮತ್ತೆ ಅಧ್ಯಕ್ಷನನ್ನಾಗಿ ಚಪ್ಪಾಳೆ ತಟ್ಟಿ ಆರಿಸಿದರು. ಕುನಿಯೊನ ಮೋಸವನ್ನು ಹೇಗೋ ನುಂಗಿಕೊಂಡಿದ್ದವಳಿಗೆ ಆ ಚಪ್ಪಾಳೆ ಅರಗಲಿಲ್ಲ.

ಆ ಶರತ್ಕಾಲದಲ್ಲಿ ಹೊಲಿಗೆ ಯಂತ್ರಗಳನ್ನು ಮಾರಿ, ಬಂದ ಹಣವನ್ನು ಹೆಂಗಸರಿಗೆ ಹಂಚಿ, ಸುಮಿಯೆ ಮೀನು ಸಂಸ್ಕರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ಬೆಳಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಕುನಿಯೊನ ಕಾರು ಬಂದು ನಿಂತಿತು.

“ಚಳಿ ಅಕ್ಕಾ, ಹತ್ತಿ.”

“ಯಾರಪ್ಪ ನಿನಗೆ ಅಕ್ಕ?” ಎಂದು ಕೇಳಿ, ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದಳು.